ಮಾವನ ನಾಲ್ಕು ದಿನದ ಪಥ್ಯ

ಗೆಳತಿಯರೇ, ನನ್ನ ಮಾವನಷ್ಟು ಮುದ್ದಾದ ಮನುಷ್ಯ ಇನ್ನೊಬ್ಬರಿಲ್ಲ! ಸಕ್ಕರೆ ಕಾಯಿಲೆಯಿದ್ದ ಅವರಿಗೆ ಹೋದ ವರ್ಷ ಹೃದಯಾಘಾತವಾಗಿತ್ತು. ಮುಂದೆ ಎಷ್ಟು ಅಪಾಯವಿದೆ ಎಂದು ತಿಳಿಯಲು ಡಾಕ್ಟರು ಸಕ್ಕರೆಯ ರಕ್ತಪರೀಕ್ಷೆ ಬರೆದುಕೊಟ್ಟಿದ್ದರು. ಬೈಸಿಕೊಳ್ಳಬಾರದೆಂದು ಮಾವ ನಾಲ್ಕು ದಿನ ಬರೀ ಜೋಳದ ರೊಟ್ಟಿ, ಮೆಂತ್ಯದ ಪಲ್ಯ ತಿಂದರು. ಇಂದು ಗೋಕಾಕದ ಲ್ಯಾಬಿನಲ್ಲಿ ಜಂಬದಿಂದ ತೋಳು ಚಾಚಿದರು.

ರಕ್ತ ತೆಗೆದವರು ಹೇಳಿದರು: “ಇದರಾಗ ಮೂರು ತಿಂಗಳ ಸಕ್ರಿ ಗೊತ್ತಾಗತೈತ್ರಿ ಕಾಕಾ.”

ಮಾವ ಮೆಲ್ಲಗೆ ನನ್ನತ್ತ ತಿರುಗಿದರು. “ಯವ್ವಾ, ಹೋದ ತಿಂಗಳ ನಿಮ್ಮ ಮದುವ್ಯಾಗ ತಿಂದ ಹೋಳಗಿನೂ ಬರತೈತೇನ?”

“ಕದ್ದು ತಿಂದ ಕರದಂಟೂ ಬರತೈತ್ರಿ ಮಾಮಾ!”

ಸಂಜೆ ವರದಿ ಬಂತು. ಸಕ್ಕರೆ ಹೆಚ್ಚಾಗಿತ್ತು. ಡಾಕ್ಟರು ಗುಳಿಗೆ ಹೆಚ್ಚಿಸಿ, ಸಿಹಿ ಬಂದ್ ಮಾಡಿಸಿದರು. ಮದುವೆಯ ಆಲ್ಬಮ್ ಇನ್ನೂ ಕೈಸೇರಿಲ್ಲ. ನಮ್ಮ ಮದುವೆಯ ಮೊದಲ ದಾಖಲೆ ಮಾವನ ರಕ್ತದಲ್ಲೇ ಸಿಕ್ಕಿತು!