ತಿಪ್ಪಮ್ಮನ ಮೂಗುಬಟ್ಟು

ಮರುಗದ ವಾಸನೆ ಬಂದರೆ ಸಾಕು, ನನ್ನ ಕೈ ಈಗಲೂ ತಾನಾಗಿ ಬೆನ್ನಿನ ಕಡೆಗೆ ಹೋಗಿ ಜಡೆ ಹುಡುಕುತ್ತದೆ. ಜಡೆ ಎಲ್ಲಿಂದ ಬರಬೇಕು? ತಲೆ ಬೋರಲು ಹಾಕಿದ ತಂಬಿಗೆಯ ಹಾಗೆ ನುಣ್ಣಗಾಗಿ ಇಪ್ಪತ್ತು ವರ್ಷವಾಯಿತು. ಮೊನ್ನೆ ಮೊಮ್ಮಗಳ ಜೊತೆ ಕೋಲಾರದಲ್ಲಿ ಹೂವಿನ ಅಂಗಡಿಯ ಮುಂದೆ ನಿಂತಿದ್ದಾಗಲೂ ಹೀಗೇ ಆಯಿತು. "ಏನ್ ತಾತ, ಬೆನ್ನು ಕೆರೀತಾ?" ಅಂದಳು. ಹೂಂ ಅಂದುಬಿಟ್ಟೆ. ನಿಮಗಾದರೆ ನಿಜ ಹೇಳಬಹುದು. ನೀವೂ ಇಂಥ ಯಾವುದೋ ಒಂದು ವಾಸನೆಯನ್ನು ಬಚ್ಚಿಟ್ಟುಕೊಂಡೇ ವಯಸ್ಸಾದವರು. ಏಳು ವರ್ಷ ತುಂಬುವವರೆಗೆ ನಾನು ಹುಡುಗಿಯಾಗಿದ್ದೆ.

ಗೌನಿಪಲ್ಲಿಗೆ ಮೈಲಿ ದೂರದಲ್ಲಿದ್ದ ನಮ್ಮ ಮನೆಯಲ್ಲಿ ನನಗಿಂತ ಮೊದಲು ಹುಟ್ಟಿದ ಮೂರು ಗಂಡುಮಕ್ಕಳು ವರ್ಷ ತುಂಬುವುದರೊಳಗೆ ತೀರಿಹೋಗಿದ್ದವು. ನಾಲ್ಕನೆಯವನಾಗಿ ನಾನು ಹುಟ್ಟಿದಾಗ ಅಜ್ಜಿ ನನ್ನನ್ನು ಮೊರದಲ್ಲಿ ಮಲಗಿಸಿ ತಿಪ್ಪೆಯ ಮೇಲಿಟ್ಟು, ಸೂಲಗಿತ್ತಿಗೆ ಒಂದು ಸೇರು ತೌಡು ಕೊಟ್ಟು ಅವಳಿಂದ ಕೊಂಡು ತಂದಳಂತೆ. ತಿಪ್ಪಮ್ಮ ಎಂದು ಹೆಸರಿಟ್ಟು, ಬಲಮೂಗು ಚುಚ್ಚಿಸಿ ಕೆಂಪು ಹರಳಿನ ಮೂಗುಬಟ್ಟು ಹಾಕಿಸಿದಳು. ದೇವರಿಗೆ ಮುಡಿ ಕೊಡುವ ತನಕ ಈ ಮಗು ಗಂಡು ಎಂದು ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಕೂಡದು, ಹೇಳಿದರೆ ಯಮನ ಕಿವಿಗೆ ಬೀಳುತ್ತದೆ ಎಂಬುದು ಕಟ್ಟಪ್ಪಣೆ. "ಒಂದು ಲಂಗ, ಒಂದು ಜಡೆ ನೋಡಿ ಯಮ ಮೋಸ ಹೋಗ್ತಾನಾ?" ಎಂದು ಅಮ್ಮ ಒಮ್ಮೆ ಕೇಳಿದ್ದಕ್ಕೆ ಅಜ್ಜಿ, "ಅವನೂ ಗಂಡಸೇ ಅಲ್ವೇನೇ, ಹೋಗ್ತಾನೆ ಬಿಡು" ಅಂದಿದ್ದಳು. ಎಲ್ಲರಿಗಿಂತ ಹೆದರಿದ್ದವನು ಅಪ್ಪ. ಆ ಮೂರು ಕೂಸುಗಳನ್ನೂ ತನ್ನ ಕೈಯಾರೆ ಮಣ್ಣು ಮಾಡಿ ಬಂದವನು. ಅವನು ನನ್ನನ್ನು ಎತ್ತಿಕೊಳ್ಳುತ್ತಿರಲಿಲ್ಲ, ಮಗ ಎನ್ನುತ್ತಿರಲಿಲ್ಲ. ದೂರದಿಂದಲೇ, "ಹುಡುಗಿ ಉಂಡಳಾ?" ಎಂದು ಅಮ್ಮನನ್ನು ಕೇಳಿ ಹೊಲಕ್ಕೆ ಹೋಗುತ್ತಿದ್ದ.

ನನಗೇನು ಕಡಿಮೆಯಾಗಿತ್ತು? ಹಿತ್ತಲು ನನ್ನದು, ಬೀಸುವ ಕಲ್ಲಿನ ಹಾಡುಗಳು ನನ್ನವು, ಅವರೆಕಾಳು ಹಿದುಕುತ್ತ ಹೆಂಗಸರು ಆಡುವ ಊರ ಮೇಲಿನ ಮಾತೆಲ್ಲ ನನ್ನ ಕಿವಿಗೆ ಮೀಸಲು. ಸಂಜೆ ಹಿತ್ತಲ ಬಾಗಿಲಲ್ಲಿ ಹೆಂಗಸರು ಒಬ್ಬರ ಬೆನ್ನಿಗೆ ಒಬ್ಬರು ಸಾಲಾಗಿ ಕೂತು ಜಡೆ ಹೆಣೆಯುತ್ತಿದ್ದರು. ಅಜ್ಜಿ ಅಮ್ಮನಿಗೆ, ಅಮ್ಮ ನಾಗಕ್ಕನಿಗೆ, ನಾಗಕ್ಕ ನನಗೆ. ಹರಳೆಣ್ಣೆಯ ಜಿಡ್ಡು, ಕನಕಾಂಬರದ ನಡುವೆ ಸಿಕ್ಕಿಸಿದ ಮರುಗ, ಯಾರದೋ ಬಳೆ ನನ್ನ ಕತ್ತಿಗೆ ತಾಗುವ ತಣ್ಣಗಿನ ಸುಖ. ಏಳು ಎಳೆಯ ರಂಗೋಲಿಯನ್ನು ಕೈ ಎತ್ತದೆ ಹಾಕುತ್ತಿದ್ದೆ. ಹೆಜ್ಜೆಯ ಸದ್ದು ನೆಲಕ್ಕೆ ಕೇಳಿಸದ ಹಾಗೆ ನಡೆಯುತ್ತಿದ್ದೆ. ಹೊಗಳಿಕೆ ಅಂದರೆ ನನಗೆ ಬೆಲ್ಲ.

ನಾಗಕ್ಕ ದೊಡ್ಡಪ್ಪನ ಮಗಳು, ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವಳು. ತಾಯಿಯಿಲ್ಲದ ಅವಳನ್ನು ಸಾಕಿದ್ದು ನಮ್ಮಮ್ಮನೇ. ರಂಗೋಲಿ ಹಾಕಿದರೆ ಕೋಳಿ ಕೆದರಿದ ಹಾಗಿರುತ್ತಿತ್ತು. ಆದರೆ ಕಲ್ಲು ಬೀಸಿ ತುದಿಕೊಂಬೆಯ ಕಾಯಿಯನ್ನು ತೊಟ್ಟಿನಿಂದಲೇ ಉದುರಿಸುತ್ತಿದ್ದಳು. "ಗಂಡುಬೀರಿ, ತಿಪ್ಪಿನ ನೋಡಿ ಕಲ್ತುಕೊಳ್ಳೇ, ಹೆಣ್ಣು ಅಂದ್ರೆ ಹಂಗಿರಬೇಕು" ಎಂದು ಅಜ್ಜಿ ದಿನಕ್ಕೆ ಹತ್ತು ಸಲ ಬೈಯುತ್ತಿದ್ದಳು. ಹಾಗೆ ಅಂದಮೇಲೆ ತಾನೇ ನಕ್ಕು ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದಳು. ನಾಗಕ್ಕನಿಗೆ ಇದ್ದದ್ದು ಒಂದೇ ಆಸೆ, ಗೌನಿಪಲ್ಲಿಯ ಸ್ಕೂಲಿಗೆ ಹೋಗಿ ಓದುಬರಹ ಕಲಿಯಬೇಕು. ಹೆಣ್ಣುಮಗಳು ಒಬ್ಬಳೇ ಕೆರೆ ಏರಿಯ ಮೇಲೆ ಓಡಾಡುವುದೇ ಎಂದು ಯಾರೂ ಒಪ್ಪಿರಲಿಲ್ಲ.

ಎರಡನೇ ಮಹಾಯುದ್ಧ ಶುರುವಾಗುವುದಕ್ಕೆ ಒಂದೆರಡು ವರ್ಷ ಮುಂಚಿನ ಮಾವಿನ ಕಾಲ. ಬೈರಕೂರಿನ ಕಡೆಯವರು ನಾಗಕ್ಕನನ್ನು ನೋಡಲು ಬರುತ್ತಾರೆಂದು ಗೊತ್ತಾಯಿತು. ಹನ್ನೊಂದು ವರ್ಷದ ಹುಡುಗಿಯನ್ನು ನೋಡಿ ಮಾತು ಮುಗಿಸಿಡುವುದು ಆಗ ಯಾರಿಗೂ ವಿಚಿತ್ರವಲ್ಲ. ಬೆಳಿಗ್ಗೆಯೇ ನಾಗಕ್ಕ ನನ್ನನ್ನು ಹಿತ್ತಲಿಗೆ ಎಳೆದುಕೊಂಡು ಹೋದಳು. "ಲೇ ತಿಪ್ಪಿ, ಅವ್ರು ಒಪ್ಕೊಂಡ್ರೆ ಇಸ್ಕೂಲು ಮುಗೀತು ಕಣೇ. ನಾನು ಮರದಿಂದ ಇಳಿಯಲ್ಲ, ಏನಾದ್ರೂ ಆಗ್ಲಿ" ಎಂದವಳೇ ಲಂಗವನ್ನು ಎತ್ತಿ ಸಿಕ್ಕಿಸಿ ಮಾವಿನ ಮರ ಹತ್ತಿಬಿಟ್ಟಳು.

ಬಂದವರಲ್ಲಿ ಯಜಮಾನಿಕೆ ಹುಡುಗನ ಅಜ್ಜಿಯದು. ದೊಡ್ಡ ಕುಂಕುಮ, ಮಂಜು ಕವಿದ ಕಣ್ಣು. ನಾಗಕ್ಕನಿಗಾಗಿ ಮನೆಯವರು ಹುಡುಕಾಡುತ್ತಿದ್ದಾಗ, ಅಷ್ಟು ಹೊತ್ತು ಸುಧಾರಿಸಲೆಂದು ನಮ್ಮಜ್ಜಿ ನನ್ನ ಕೈಗೆ ಹಣ್ಣಿನ ತಟ್ಟೆ ಕೊಟ್ಟು ಒಳಗೆ ಕಳಿಸಿದಳು. ತಟ್ಟೆ ಇಟ್ಟು ನಮಸ್ಕಾರ ಮಾಡಿದೆ. ಹಾಡು ಅಂದರು, ಹಾಡಿದೆ. ನಡೆ ಅಂದರು, ನಡೆದೆ. ಮುದುಕಿ ನನ್ನ ಗಲ್ಲ ಸವರಿ, "ಈ ಪಿಲ್ಲ ಮಾಕು ನಚ್ಚಿಂದಿ" ಅಂದಳು. ಈ ಹುಡುಗಿ ನಮಗೆ ಒಪ್ಪಿಗೆ ಎಂದು! "ವಯಸ್ಸು ಒಸಿ ಸಣ್ಣದು, ಆಗ್ಲಿ, ಬೆಳೀತಾಳೆ" ಎನ್ನುತ್ತ ಮಡಿಲು ತುಂಬಲು ತೆಂಗಿನಕಾಯಿ ಕೈಗೆತ್ತಿಕೊಂಡಳು.

ಮಡಿಲಿಗೆ ಕಾಯಿ ಬಿದ್ದರೆ ಮಾತು ಕೊಟ್ಟಂತೆ. ಇವಳು ಅವಳಲ್ಲ ಅಂದರೆ ಅವಳೆಲ್ಲಿ ಎಂದು ಕೇಳುತ್ತಾರೆ, ಅವಳು ಮರದ ಮೇಲೆ. ಇವಳು ಹುಡುಗಿಯೇ ಅಲ್ಲ ಎಂದು ಹೇಳೋಣವೆಂದರೆ ಯಮ ಕೇಳಿಸಿಕೊಳ್ಳುತ್ತಾನೆ, ಮುಡಿ ಕೊಡಲು ಇನ್ನೂ ಎರಡು ತಿಂಗಳಿದೆ. ಅಮ್ಮ ಕಂಬ ಹಿಡಿದು ನಿಂತಳು. ನಾನು ಮಾತ್ರ ಹೊಗಳಿಸಿಕೊಂಡ ಖುಷಿಯಲ್ಲಿ ಮಡಿಲು ಒಡ್ಡಿ ಕೂತಿದ್ದೆ.

ಜಗಲಿಯಲ್ಲಿದ್ದ ಅಪ್ಪ ಆಗ ಹೊಸಿಲ ಹತ್ತಿರ ಬಂದ. ಅವನ ತುಟಿ ಬಿಳಿಚಿಕೊಂಡಿತ್ತು. "ಬೇಡಿ ತಾಯಿ. ಅವನು ನನ್ನ ಮಗ" ಅಂದ.

ಹುಟ್ಟಿದಾಗಿನಿಂದ ನಾನು ಕೇಳದಿದ್ದ ಮಾತು. ಅಮ್ಮ ಓಡಿಬಂದು ನನ್ನನ್ನು ಅಪ್ಪಿಕೊಂಡು ಹಣೆ ಮುಟ್ಟಿ ನೋಡಿದಳು, ಆಗಲೇ ಜ್ವರ ಬಂದಿರುತ್ತದೆಂಬಂತೆ. ಅಷ್ಟರಲ್ಲಿ ಮಾವಿನ ಮರ ನಗಲು ಶುರುಮಾಡಿತು. ಎಲ್ಲರೂ ಹಿತ್ತಲಿಗೆ ಓಡಿದರೆ ನಾಗಕ್ಕ ಕೊಂಬೆ ತಬ್ಬಿಕೊಂಡು ಬಿದ್ದೂಬಿದ್ದು ನಗುತ್ತಿದ್ದಳು. ಮುದುಕಿ ಮೇಲೆ ನೋಡಿದಳು, ನನ್ನನ್ನು ನೋಡಿದಳು, ಕೊನೆಗೆ ತಾನೂ ನಕ್ಕಳು. "ಯಮನಿಗೇ ಟೋಪಿ ಹಾಕೋರು, ನನ್ನ ಬಿಡ್ತೀರಾ? ನಮ್ಮೂರಲ್ಲಿ ಮಾವಿನ ಮರ ಜಾಸ್ತಿ ಕಣಮ್ಮಾ, ಈ ಹುಡುಗಿ ನೆಲಕ್ಕೇ ಇಳಿಯಲ್ಲ" ಎಂದು ಒಂದು ಬುಟ್ಟಿ ಹಣ್ಣು ಹಾಕಿಸಿಕೊಂಡು ಗಾಡಿ ಹತ್ತಿದಳು.

ಅಪ್ಪ ಒಂದು ವಾರ ಹೊಲಕ್ಕೆ ಹೋಗಲಿಲ್ಲ. ಜಗಲಿಯಲ್ಲಿ ಕೂತು ನನ್ನನ್ನೇ ನೋಡುತ್ತಿದ್ದ. ನನಗೆ ಒಂದು ನೆಗಡಿಯೂ ಬರಲಿಲ್ಲ. ಆದರೂ ಬೇಡವೆಂದು ಅವಸರದಲ್ಲಿ ಮುಡಿ ಕೊಡಿಸಿದರು. ಮರುಗದ ಸಮೇತ ಜಡೆ ಮಣ್ಣಿಗೆ ಬಿದ್ದಾಗ ನಾನು ಹೊರಳಾಡಿ ಅತ್ತೆ. "ಅಳಬೇಡ ಕಣೋ" ಎಂದು ನಾಗಕ್ಕ ನನ್ನ ಬೋಳು ತಲೆ ಸವರಿದಳು. ಮೂಗುಬಟ್ಟು ಬಿಚ್ಚಿ ಅಜ್ಜಿ ಅವಳ ಮೂಗಿಗೆ ಹಾಕಿದಳು. ಮಾರನೆಯ ಸಂಜೆ ಅಭ್ಯಾಸದಂತೆ ಜಡೆಯ ಸಾಲಿನ ತುದಿಗೆ ಹೋಗಿ ಕೂತೆ. "ನೀನು ಹೊರಗೆ ಗಂಡಸರ ಹತ್ರ ಕೂತ್ಕೋ ಹೋಗಪ್ಪ" ಎಂದಳು ಅಜ್ಜಿ, ಮೆತ್ತಗೆ. ಜಗಲಿಯಲ್ಲಿ ಎತ್ತಿನ ಹಲ್ಲಿನ ಮಾತು ನಡೆದಿತ್ತು. ಒಳಗೆ ನಗುತ್ತಿದ್ದರು. ಅಷ್ಟು ಒಂಟಿತನ ಮುಂದೆಯೂ ನನಗೆ ಹೆಚ್ಚು ಸಲ ಆಗಿಲ್ಲ.

ನಾನು ತಿಪ್ಪಣ್ಣನಾಗಿ ಸ್ಕೂಲಿಗೆ ಹೊರಟೆ. ಅಪ್ಪ ಬಾಯಿಬಿಟ್ಟು ಹೇಳಿಬಿಟ್ಟಿದ್ದಾನೆ, ಮಗು ಕೆರೆ ಏರಿಯ ಮೇಲೆ ಒಂಟಿಯಾಗಿ ಹೋಗಬಾರದು ಎಂದು ಅಜ್ಜಿಗೆ ಭಯ. ಕಾವಲಿಗೆ ನಾಗಕ್ಕನನ್ನು ಕಳಿಸಿದಳು! ಕಾವಲಿಗೆ ಬಂದವಳು ಬಾಗಿಲಲ್ಲಿ ಕೂತು, ಆಮೇಲೆ ಒಳಗೆ ಕೂತು, ಎರಡು ವರ್ಷದಲ್ಲಿ ನನ್ನ ಲೆಕ್ಕವನ್ನೂ ತಾನೇ ಮಾಡಿಕೊಡುವಷ್ಟು ಕಲಿತಳು. ಅಷ್ಟೇ ಸಿಕ್ಕಿದ್ದು. ಹದಿನಾರಕ್ಕೆ ಮದುವೆಯಾಗಿ ಹೋಳೂರಿಗೆ ಹೋದಳು. ಅಲ್ಲಿಂದ ಅರವತ್ತು ವರ್ಷ ನನಗೆ ಕಾರ್ಡು ಬರೆದಳು, ಪ್ರತಿಯೊಂದೂ "ಪ್ರೀತಿಯ ತಿಪ್ಪಿಗೆ" ಎಂದೇ ಶುರು.

ಆ ಮನೆ ಈಗಿಲ್ಲ, ಮರವೂ ಇಲ್ಲ. ಹೋದ ವರ್ಷ ನಾಗಕ್ಕನೂ ಹೋದಳು. ತಿಥಿಯ ದಿನ ಊಟವಾದಮೇಲೆ ಅವಳ ಮಗಳು ನನ್ನನ್ನು ಪಕ್ಕಕ್ಕೆ ಕರೆದು ಕಾಗದದ ಪೊಟ್ಟಣವೊಂದನ್ನು ಬಿಚ್ಚಿದಳು. ಒಳಗೆ ಕೆಂಪು ಹರಳಿನ ಮೂಗುಬಟ್ಟು.

"ಇದನ್ನ ತಿಪ್ಪಿಗೆ ತಲುಪಿಸಬೇಕು ಅಂತ ಅಮ್ಮ ಹೇಳಿದ್ರು, ಮಾವ. ಮನೇಲಿ ಯಾರಿಗೂ ಗೊತ್ತಿಲ್ಲ. ಯಾರು ಮಾವ ಆ ಹುಡುಗಿ?"

ನಾನು ಕೈ ಚಾಚಿದೆ. "ನಾನೇ ಕಣಮ್ಮ" ಅಂದೆ.