ಬೀದಿದೀಪದ ಕಂಬದ ವೈಫೈ

ನಗರದಲ್ಲಿ ಉಚಿತ ವೈಫೈ ಪೆಟ್ಟಿಗೆ ಕೂರಿಸುವ ಗುತ್ತಿಗೆದಾರರೊಬ್ಬರ ಬಳಿ ನಾನು ಎರಡು ವರ್ಷ ಕೆಲಸ ಮಾಡಿದೆ. ಹಗಲೆಲ್ಲ ಕೆ.ಆರ್. ಪುರದ ಕಡೆ. ಶಿವಾಜಿನಗರದ ರಸೆಲ್ ಮಾರುಕಟ್ಟೆಯ ಹಿಂದಿನ ಗಲ್ಲಿಗೆ ಮಾತ್ರ ಸಂಜೆಯೇ ಹೋಗಬೇಕು, ಹಗಲಲ್ಲಿ ಅಲ್ಲಿ ತಳ್ಳುಗಾಡಿಗಳ ನಡುವೆ ಏಣಿ ನಿಲ್ಲಿಸಲು ಜಾಗ ಸಿಗುವುದಿಲ್ಲ. ಪೆಟ್ಟಿಗೆಯನ್ನು ಬೀದಿದೀಪದ ಕಂಬಕ್ಕೆ ಕೂರಿಸಿದ್ದೆವು, ಕರೆಂಟೂ ಅದರದ್ದೇ. ಮೊದಲ ವಾರ ದಿನಾ ಹೋಗಿ, ಫೋನಿನಲ್ಲಿ ವೇಗ ನೋಡಿ, ‘ಕೆಲಸ ಮಾಡುತ್ತಿದೆ’ ಎಂದು ವರದಿ ಒತ್ತಿದರೆ ನನ್ನ ಜವಾಬ್ದಾರಿ ಮುಗಿಯಿತು.

ಕಂಬದ ಬುಡದಲ್ಲಿ ಒಬ್ಬಾಕೆ ನಿಂಬೆಹಣ್ಣು ಮಾರುತ್ತಿದ್ದರು. ಅವರ ಮಗಳು ಆಗಷ್ಟೇ ಪಿಯುಸಿ ಮುಗಿಸಿದ್ದಳು. ನರ್ಸಿಂಗ್ ಸೀಟಿಗೆ ಯಾವ ಯಾವ ಕಾಲೇಜು ಬೇಕೆಂದು ಆನ್‌ಲೈನಿನಲ್ಲಿ ತುಂಬಬೇಕು, ಮರುದಿನ ಸಂಜೆ ನಾಲ್ಕಕ್ಕೆ ಗಡುವು. ನಾನು ಹೋದ ಆ ಸಂಜೆ ಇಡೀ ಗಲ್ಲಿ ಪುಕ್ಕಟೆ ವಿಡಿಯೋ ನೋಡುತ್ತ ನಿಂತಿತ್ತು. ಹುಡುಗಿಯ ಪುಟ ತೆರೆಯಲೇ ಇಲ್ಲ.

“ಡೇಟಾ ಪ್ಯಾಕ್ ಹಾಕಿಸ್ಬಿಡ್ಲಾ ಸಾರ್?” ಎಂದು ತಾಯಿ ಕೇಳಿದರು.

“ಯಾಕಮ್ಮಾ ದುಡ್ಡು ದಂಡ? ನಾಳೆ ಹಗಲೊತ್ತು ನೋಡಿ. ಎಲ್ಲಾರೂ ವ್ಯಾಪಾರದಲ್ಲಿರ್ತಾರೆ, ಒಂದೇ ನಿಮಿಷದಲ್ಲಿ ಆಗ್ಬಿಡುತ್ತೆ” ಎಂದೆ. ದೊಡ್ಡ ಮನುಷ್ಯನ ಹಾಗೆ ನನ್ನ ನಂಬರನ್ನೂ ಕೊಟ್ಟೆ.

ಮರುದಿನ ಹನ್ನೊಂದಕ್ಕೆ ಅವರ ಫೋನು ಬಂತು.

“ಸಾರ್, ವೈಫೈ ಹೆಸ್ರೇ ತೋರಿಸ್ತಿಲ್ಲ.”

“ರೀಸ್ಟಾರ್ಟ್ ಆಗ್ತಿರ್ಬೇಕು. ಅಲ್ಲೇ ಇರಿ.”

ಎರಡು ಗಂಟೆಗೆ ಮತ್ತೆ ಬಂತು. ಸೈಬರ್ ಸೆಂಟರಿಗೆ ಹೋಗಲಾ ಎಂದು ಕೇಳಿದರು. “ಇನ್ನೊಂದ್ ಸ್ವಲ್ಪ ನೋಡಿ” ಎಂದೆ. ನಾನು ಏಣಿಯ ಮೇಲಿದ್ದೆ, ಊಟ ಆಗಿರಲಿಲ್ಲ, ಮಾತು ಮುಗಿದರೆ ಸಾಕಾಗಿತ್ತು. ಮೂರೂವರೆಗೆ ಬಂದ ಕರೆಯನ್ನು ಎತ್ತಲಿಲ್ಲ.

ಅಂದು ಕೆಲಸ ಬೇಗ ಮುಗಿದು, ಸಂಜೆ ಆರಕ್ಕೇ ಶಿವಾಜಿನಗರಕ್ಕೆ ಹೋದಾಗ ತಾಯಿ ಮಗಳು ಕಂಬದ ಬುಡದಲ್ಲೇ ಇದ್ದರು. ಕೊನೆಗಳಿಗೆಯಲ್ಲಿ ಸೈಬರ್ ಸೆಂಟರಿಗೆ ಓಡಿದ್ದರಂತೆ. ಅಲ್ಲಿ ಅದೇ ಗಡುವಿನ ಸಾಲು, ಇವರ ಸರದಿ ಬರುವಷ್ಟರಲ್ಲಿ ನಾಲ್ಕು ಹೊಡೆದಿತ್ತು. ನಾನು ತಲೆಯೆತ್ತಿ ನೋಡಿದೆ. ದೀಪವೂ ಇಲ್ಲ, ಪೆಟ್ಟಿಗೆಯ ಹಸಿರು ಬೆಳಕೂ ಇಲ್ಲ. ಬೀದಿದೀಪದ ಲೈನಿಗೆ ಹಗಲು ಕರೆಂಟು ಬಿಡುವುದಿಲ್ಲ ಎಂಬುದು ಆಗ ತಲೆಗೆ ಹೋಯಿತು. ಇದು ಯಾವ ಮಹಾ ವಿದ್ಯೆ? ಆದರೆ ದೀಪ ಉರಿಯುವಾಗಲೇ ಬಂದು, ದೀಪ ಉರಿಯುವಾಗಲೇ ಪರೀಕ್ಷೆ ಮಾಡಿ ಮನೆಗೆ ಹೋಗುತ್ತಿದ್ದವನು ನಾನು. ಆಫೀಸಿನಲ್ಲೂ ಯಾರೂ ಕೇಳಿರಲಿಲ್ಲ.

ಆರೂವರೆಗೆ ದೀಪ ಹತ್ತಿತು. ಸ್ವಲ್ಪ ಹೊತ್ತಿಗೆ ಹುಡುಗಿಯ ಫೋನು ಟಿಣ್ ಎಂದಿತು.

“ಬಂತು ಸಾರ್” ಎಂದರು ತಾಯಿ.

ಪ್ರಯೋಜನವಿಲ್ಲವೆಂದು ಗೊತ್ತಿದ್ದರೂ ಹುಡುಗಿ ಪುಟ ತೆರೆದಳು. ಒಂದು ನಿಮಿಷವೂ ಹಿಡಿಯಲಿಲ್ಲ. ಅವಧಿ ಮುಗಿದಿದೆ ಎಂದು ಅದರಲ್ಲಿ ಬರೆದಿತ್ತು. ಅವಳು ಫೋನನ್ನು ಮಡಿಲಲ್ಲಿ ಮಗುಚಿಟ್ಟುಕೊಂಡಳು.

ಬೈದರೆ ಬೈಯಲಿ ಎಂದು ನಿಂತೆ. ತಾಯಿ ನಾಲ್ಕು ನಿಂಬೆಹಣ್ಣನ್ನು ಪೊಟ್ಟಣ ಕಟ್ಟಿ ನನ್ನ ಕೈಗಿಟ್ಟರು.

“ನಮಗೋಸ್ಕರ ಅಷ್ಟು ದೂರದಿಂದ ಬಂದ್ರಲ್ಲ ಸಾರ್.”

ನಾನು ಬಂದಿದ್ದು ದಿನದ ವರದಿಗೆ. ನಾಚಿಕೆಯಾಗಬೇಕಿತ್ತು, ಅಳುವಾದರೂ ಬರಬೇಕಿತ್ತು. ಏನೂ ಆಗಲಿಲ್ಲ. ಪೊಟ್ಟಣವನ್ನು ಬ್ಯಾಗಿಗೆ ಹಾಕಿಕೊಂಡು, ಅವರೆದುರಿಗೇ ಫೋನು ತೆಗೆದು ‘ಕೆಲಸ ಮಾಡುತ್ತಿದೆ’ ಎಂದು ಒತ್ತಿದೆ.