ಹೊಸ್ತಿಲು ದಾಟಿದ ಗಾಲಿಕುರ್ಚಿ

ನನ್ನ ಮೊಮ್ಮಗಳು ದೀಪಾ ಮೊನ್ನೆ ಯಾರ ನೆರವೂ ಇಲ್ಲದೆ ನಮ್ಮ ಮನೆಯೊಳಗೆ ಬಂದಳು! ಕಾಲಲ್ಲಿ ಬಲವಿಲ್ಲದ ಅವಳು ಗಾಲಿಕುರ್ಚಿಯಲ್ಲಿ ಓಡಾಡುವವಳು. ಹನ್ನೊಂದು ವರ್ಷದ ಹುಡುಗಿಯನ್ನು ಇಷ್ಟು ದಿನ ಎತ್ತಿಕೊಂಡೇ ಒಳಗೆ ತರುತ್ತಿದ್ದೆವು. ಆಗೆಲ್ಲ ನಾಚಿ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು.

ದುಂಡಸಿಯ ನಮ್ಮ ಹೊಲದ ಮನೆಗೆ ನಾನೂ ಸೊಸೆಯೂ ಸೇರಿ ಕಲ್ಲು, ಗರಸು ತುಂಬಿ, ಸಿಮೆಂಟು ಬಳಿದು, ಹೊಸ್ತಿಲಿನ ಎತ್ತರಕ್ಕೆ ಇಳಿಜಾರು ಕಟ್ಟಿದೆವು. ಮೊದಲು ಹೊರಗಷ್ಟೇ ಕಟ್ಟಿ, ಒಳಗೆ ಇಳಿಯಲೂ ದಾರಿ ಬೇಕೆಂಬುದನ್ನೇ ಮರೆತಿದ್ದೆವು! ಆಮೇಲೆ ಅಲ್ಲೂ ಕಟ್ಟಿದೆವು.

ದೀಪಾ ಸರಸರ ಏರಿ ಬಂದವಳು, ಅರಿಸಿನ ಕುಂಕುಮ ಹಚ್ಚಿದ ಹೊಸ್ತಿಲ ಮುಂದೆ ಗಕ್ಕನೆ ನಿಂತಳು.

"ಆಯಿ, ಹೊಸ್ತಿಲಾ ತುಳಿಬಾರ್ದು ಅಂತ ನೀನ ಎಲ್ಲಾರಿಗೂ ಬೈತಿ. ಈಗ ಗಾಲಿ ಹೆಂಗ ಹತ್ತಿಸ್ಲಿ?"

ನಾನು ಬಾಗಿಲ ಪಕ್ಕಕ್ಕೆ ಸರಿದು ದಾರಿ ಬಿಟ್ಟೆ.

"ದಿನಾ ಅದಕ್ಕ ಪೂಜಿ ಮಾಡಾಕಿ ನಾನ. ನಾ ಹೇಳಾಕತ್ತೇನಿ, ಅದು ಸಿಟ್ಟಾಗಂಗಿಲ್ಲ. ಬಾರವ್ವಾ ಒಳಗ!" ಎಂದೆ.

ಹೊಸ್ತಿಲ ಮೇಲೆ ಮೂಡಿದ ಗಾಲಿಯ ಗೆರೆಯನ್ನು ನಾನು ಒರೆಸಲಿಲ್ಲ. ಅಂದು ಸಂಜೆ ಅಡುಗೆಮನೆಯಲ್ಲಿ ಎಲ್ಲರೂ ಕೂಡಿ ಉಂಡೆವು. ರೊಟ್ಟಿಯ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಬಡಿಸಿದವಳು ದೀಪಾ.